ತೌಡು ಕೊಟ್ಟು ಕೊಂಡ ಮಗಳು

ಹೊಸ ಕಂಬಳಿಗೆ ಹುಣಸೆ ಬೀಜದ ಗಂಜಿ ಹಾಕಿ ಬಿಸಿಲಿಗೆ ಹರವಿದಾಗ ಒಂದು ವಾಸನೆ ಏಳುತ್ತದೆ. ಕುರಿಯ ಮೈ, ಹುರಿದ ಬೀಜ, ಬಿಸಿಲು ಎಲ್ಲ ಕೂಡಿದ ವಾಸನೆ. ಮೊನ್ನೆ ಬಾಗಲಕೋಟೆಯ ನಮ್ಮ ಓಣಿಗೆ ಕಂಬಳಿ ಮಾರುವವನೊಬ್ಬ ಬಂದಿದ್ದ. ಪಕ್ಕದ ಮನೆಯಾಕೆ ಮೂಗು ಮುಚ್ಚಿಕೊಂಡು ಒಳಗೆ ಹೋದಳು. ನಾನು ಒಂದನ್ನು ಬಿಚ್ಚಿಸಿ, ಅದರಲ್ಲಿ ಮುಖವಿಟ್ಟು ಸುಮ್ಮನೆ ನಿಂತುಬಿಟ್ಟೆ. ನಾನು ಬೆಳೆದ ಮನೆಗೆ ಗೋಡೆ ಇರಲಿಲ್ಲ ನೋಡಿ, ಈ ವಾಸನೆಯೇ ಇತ್ತು. ಮಳೆಗಾಲದಲ್ಲಿ ಬಾದಾಮಿಯ ಗುಡ್ಡದ ಸೆರಗು, ಸುಗ್ಗಿ ಮುಗಿದ ಮೇಲೆ ಹುನಗುಂದದ ಕಡೆಯ ಎರೆಹೊಲಗಳು. ಕುರಿ ಹೋದಲ್ಲಿ ನಾವು. ಕುದುರೆಯ ಬೆನ್ನ ಮೇಲೆ ಪಾತ್ರೆ, ಕೋಳಿ, ನಡೆಯಲಾರದ ಮರಿ, ಅವುಗಳ ನಡುವೆ ನಾನು. ಆ ಕಡೆಯ ರಾಮಥಾಳದ ಹೊಲಗಳಿಗೆ ಆಗಿನ್ನೂ ನೀರಾವರಿಯ ಪೈಪು ಬಂದಿರಲಿಲ್ಲ. ಗೊಬ್ಬರಕ್ಕಾಗಿ ರೈತರು ನಮ್ಮ ಕುರಿಗಳನ್ನು ಹೊಲದಲ್ಲಿ ನಿಲ್ಲಿಸಿಕೊಂಡು ಜೋಳ ಕೊಡುತ್ತಿದ್ದರು. ನೀವು ಅದನ್ನು ಬಡತನ ಅಂದೀರಿ. ನಮಗೆ ಹಾಗಂತ ಯಾರೂ ಹೇಳಿರಲಿಲ್ಲ.

ನನಗೆ ಇಬ್ಬರು ತಾಯಂದಿರು. ಹಡೆದವ್ವ ಒಬ್ಬಳು, ದೊಡ್ಡಪ್ಪನ ಹೆಂಡತಿ ಲಗಮವ್ವ ಇನ್ನೊಬ್ಬಳು. ಲಗಮವ್ವನನ್ನು ನಾನು ದೊಡ್ಡವ್ವ ಅನ್ನುತ್ತಿದ್ದೆ. ನನಗಿಂತ ಮುಂಚೆ ಹುಟ್ಟಿದ ಹಡೆದವ್ವನ ಕೂಸುಗಳು ಒಂದೂ ಉಳಿದಿರಲಿಲ್ಲ. ಹಾಗಾದ ಮನೆಯಲ್ಲಿ ನಮ್ಮವರದೊಂದು ಪದ್ಧತಿ ಇದೆ. ಹುಟ್ಟಿದ ಕೂಡಲೇ ನನ್ನನ್ನು ಕುರಿಹಟ್ಟಿಯ ಬಾಗಿಲಲ್ಲಿ ಮಲಗಿಸಿದರಂತೆ. ದೊಡ್ಡವ್ವ ದಾರಿಹೋಕಳ ಹಾಗೆ ಬಂದು, ನಮ್ಮ ದೇವರು ಬೀರಪ್ಪನ ಹೆಸರು ಹೇಳಿ, ಒಂದು ಮೊರ ತೌಡು ಸುರಿದು ನನ್ನನ್ನು ಕೊಂಡುಕೊಂಡಳಂತೆ. ಸಾವು ಬಂದು ಹಡೆದವ್ವನ ಕೂಸು ಎಲ್ಲಿ ಎಂದು ಹುಡುಕಿದರೆ ಸಿಗಬಾರದು, ಅಷ್ಟೇ ಲೆಕ್ಕ. ಅಂದಿನಿಂದ ಹಡೆದವ್ವ ‘ನನ್ನ ಮಗಳು’ ಎಂದು ಬಾಯಿಬಿಟ್ಟು ಅನ್ನುವಂತಿಲ್ಲ. ಅಂದರೆ ತಾನೇ ಗುರುತು ತೋರಿಸಿದಂತೆ. ಹಾಲು ಕುಡಿಸಿದವಳು ಆಕೆ, ತಲೆ ಬಾಚಿದವಳು ಆಕೆ, ಹಟ ಮಾಡಿದರೆ ಬೆನ್ನಿಗೊಂದು ಗುದ್ದಿದವಳೂ ಆಕೆಯೇ. ಯಾರಾದರೂ ಕೇಳಿದರೆ ಮಾತ್ರ ಅಕ್ಕನ ಕೂಸು ಅನ್ನುತ್ತಿದ್ದಳು.

ಒಂದು ದಿನ ದೊಡ್ಡವ್ವ ನನ್ನನ್ನು ಹುನಗುಂದದ ಸಂತೆಗೆ ಕರೆದುಕೊಂಡು ಹೋದಳು. ಬಸ್ ಸ್ಟ್ಯಾಂಡಿನಲ್ಲಿ ಮಕ್ಕಳ ರಕ್ಷಣೆಯ ಕೆಲಸದವರಿಬ್ಬರು ನಮ್ಮನ್ನು ತಡೆದರು. ಶಾಲೆಯ ಹೊತ್ತಿನಲ್ಲಿ ಹುಡುಗಿ ಇಲ್ಲೇಕೆ, ಕಾಲಿಗೆ ಚಪ್ಪಲಿ ಏಕಿಲ್ಲ, ನಿನ್ನ ಮಗಳೇ ಎಂದು ಒಂದರ ಮೇಲೊಂದು ಕೇಳಿದರು. ದೊಡ್ಡವ್ವ ಮಾತಿನ ಮಲ್ಲಿ. ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ನಾ ಹಡದಾಕಿ ಅಲ್ರಿ. ಒಂದ ಮೊರ ತೌಡ ಕೊಟ್ಟು ಕೊಂಡೇನಿ. ಚಂದ ಅದಾಳಿಲ್ಲ?”

ಅಯ್ಯೋ ನನ್ನ ದೊಡ್ಡವ್ವಾ! ನಮ್ಮವರ ನಡುವೆ ಅದು ಹೆಮ್ಮೆಯ ಮಾತು. ಅವರಿಗೆ ಕಂಡದ್ದು ಮಾರಾಟವಾದ ಮಗು. ಜೀಪು ಬಂತು. ಸಂಜೆಯೊಳಗೆ ನಾನು ಬಾಗಲಕೋಟೆಯ ಮಕ್ಕಳ ಮನೆಯಲ್ಲಿದ್ದೆ. ಮರುದಿನ ಓಡಿಬಂದ ಹಡೆದವ್ವನನ್ನು ಇದು ನಿನ್ನ ಮಗುವೇ ಎಂದು ಕೇಳಿದರು. ಆಕೆ ತಲೆ ತಗ್ಗಿಸಿ ನಿಂತಳೇ ಹೊರತು ಬಾಯಿ ಬಿಡಲಿಲ್ಲ. ತಾಯಿಯೇ ಇಲ್ಲದ ಕೂಸು ಎಂದು ತೀರ್ಮಾನವಾಯಿತು.

ಆ ಮಕ್ಕಳ ಮನೆಯವರು ಕೆಟ್ಟವರೆಂದು ನಾನು ಎಂದೂ ಹೇಳುವುದಿಲ್ಲ. ಬಿಸಿ ಅನ್ನ ಹಾಕಿದರು, ಎಣ್ಣೆ ಹಚ್ಚಿ ಹೇನು ತೆಗೆದರು. ಆದರೆ ಅಲ್ಲಿ ಯಾರಿದ್ದರು ಅಂತೀರಿ? ಕುರಿಯವರ ಮಕ್ಕಳು, ಕಲ್ಲು ಒಡೆಯುವವರ ಮಕ್ಕಳು, ಊರೂರು ತಿರುಗಿ ಕೌದಿ ಹೊಲಿಯುವವರ ಮಕ್ಕಳು. ಪೇಟೆಯವರ ಮಕ್ಕಳು ಶಾಲೆ ತಪ್ಪಿಸಿದರೆ ಮನೆಗೆ ಮಾಸ್ತರರು ಹೋಗುತ್ತಿದ್ದರು, ನಮ್ಮಂಥವರು ತಪ್ಪಿಸಿದರೆ ಜೀಪು ಬರುತ್ತಿತ್ತು. ಇದು ನನಗೆ ಆಗಲೇ ಹೊಳೆಯಿತು ಅಂದರೆ ಸುಳ್ಳಾಗುತ್ತದೆ. ಆಗ ನನಗೆ ಬೇಕಾಗಿದ್ದದ್ದು ಹಡೆದವ್ವ ಒಬ್ಬಳೇ.

ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ನನ್ನ ವಿಚಾರಣೆ ಇದ್ದ ದಿನ ಕುರಿಗಳನ್ನು ಬೇರೆಯವರಿಗೆ ಒಪ್ಪಿಸಿ ಇಡೀ ಹಟ್ಟಿಯೇ ಬಂದು ಮಕ್ಕಳ ಮನೆಯ ಅಂಗಳದ ಬೇವಿನ ಕೆಳಗೆ ಕೂತಿತ್ತು. ದೊಡ್ಡವ್ವ ತೌಡಿನ ಕಥೆ ಬಿಡಿಸಿ ಹೇಳಲು ಹೋದಳು. ಹೇಳಿದಷ್ಟೂ ಕೆಟ್ಟಿತು. ಸಮಿತಿಯ ಹಿರಿಯ ಹೆಂಗಸು ಮೆತ್ತಗೆ, ತಾಯಿ ಯಾರೆಂದು ಗೊತ್ತಾಗದೆ ಮಗುವನ್ನು ಕಳಿಸಲಾಗದು ಅಂದರು. ಆಗ ಹಡೆದವ್ವ ಎದ್ದಳು. ಒಮ್ಮೆ ನನ್ನನ್ನು ನೋಡಿ ಕಣ್ಣು ಮುಚ್ಚಿಕೊಂಡಳು.

“ನನ್ನ ಮಗಳ್ರಿ ಆಕಿ. ನಾನ ಹಡದೇನಿ. ನನ್ನ ಕೂಸು ನನಗ ಕೊಡ್ರಿ.”

ದೊಡ್ಡವ್ವ ದಡಕ್ಕನೆ ಬಂದು, ಸಾವಿಗೆ ಕಾಣದ ಹಾಗೆ ತನ್ನ ಸೆರಗನ್ನು ನನ್ನ ತಲೆಯ ಮೇಲೆ ಎಳೆದಳು. ಆ ಹಿರಿಯ ಹೆಂಗಸಿಗೆ ಏನು ತಿಳಿಯಿತೋ, ಕನ್ನಡಕ ತೆಗೆದಿಟ್ಟು ಇಬ್ಬರನ್ನೂ ಹತ್ತಿರ ಕರೆದು ಕೂರಿಸಿಕೊಂಡರು. ಶಾಲೆಯ ದಿನಗಳಲ್ಲಿ ಬಾದಾಮಿಯ ಸೋದರಮಾವನ ಮನೆ, ರಜೆಯಲ್ಲಿ ಹಟ್ಟಿ ಎಂದು ನಿಗದಿಯಾಯಿತು. ನಾನು ನಮ್ಮವರ ಸಂಗಡ ನಡೆದೆ. ಎಷ್ಟೋ ತಿಂಗಳು ಹಡೆದವ್ವ ನಾನು ಕಣ್ಣು ಮುಚ್ಚಿದರೆ ಸಾಕು, ಮೂಗಿನ ಹತ್ತಿರ ಬೆರಳು ಹಿಡಿದು ನೋಡುತ್ತಿದ್ದಳು. ನನಗೇನಾಗುತ್ತದೆ? ಗುಂಡುಕಲ್ಲಿನ ಹಾಗೆ ಬೆಳೆದೆ.

ಈಗ ನಾನೂ ಅಂಥದೇ ಸಮಿತಿಯಲ್ಲಿ ಮೇಜಿನ ಈಚೆ ಕೂರುತ್ತೇನೆ. ಹೊಡೆತ ತಿಂದ ಮಗುವನ್ನು ಮನೆಯಿಂದ ಬಿಡಿಸಲು ನಾನು ಹಿಂದೆಮುಂದೆ ನೋಡುವುದಿಲ್ಲ. ಆದರೆ ಕುರಿಯವರ ಮಗು ಬಂದರೆ ಮೊದಲು ಹಟ್ಟಿಗೆ ಜನ ಹೋಗಬೇಕು, ಅಜ್ಜಿ, ಅತ್ತೆ, ಮಾವ ಎಲ್ಲರೂ ಬಂದು ಕೂತು ಮಾತಾಡಬೇಕು, ಆಮೇಲೆ ಉಳಿದದ್ದು. ಮೊದಮೊದಲು ನಕ್ಕವರಿದ್ದರು. ಈಗ ಅವರೇ ಅಜ್ಜಿಯನ್ನು ಹುಡುಕಿಕೊಂಡು ಹೋಗುತ್ತಾರೆ. ನಮ್ಮಂಥವರ ಮಕ್ಕಳು ಆ ಮಕ್ಕಳ ಮನೆಯಲ್ಲಿ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಇನ್ನೂ ಕಡಿಮೆ ಆಗುತ್ತಾರೆ, ಅದರಲ್ಲಿ ನನಗೆ ಅನುಮಾನವಿಲ್ಲ.

ನಮ್ಮ ಹಟ್ಟಿ ಮಾತ್ರ ಇಲ್ಲ. ಕುರಿ ಮಾರಿದರು, ದೊಡ್ಡವ್ವ ಹೋದಳು. ಹೋದ ವರ್ಷ ಹಡೆದವ್ವ ದವಾಖಾನೆಯ ಮಂಚದಲ್ಲಿ ಉಸಿರಿಗೆ ಒದ್ದಾಡುತ್ತಿದ್ದಳು. ನರ್ಸು ನನ್ನನ್ನು ತೋರಿಸಿ, ನಿಮ್ಮ ಮಗಳಾ, ಅಜ್ಜಿ, ಎಂದು ಕೇಳಿದಳು. ಸಾವು ಅಷ್ಟು ಹತ್ತಿರ ನಿಂತಿತ್ತಲ್ಲ, ಅದಕ್ಕೆ ಕೇಳಿಸಬಾರದೆಂದು ಹಡೆದವ್ವ ನನ್ನ ಕೈ ಬಿಟ್ಟು, ಕಷ್ಟಪಟ್ಟು ತಲೆ ಅಲ್ಲಾಡಿಸಿದಳು.

“ಅಲ್ರಿ. ಆಕಿ ಲಗಮವ್ವನ ಮಗಳು.”

ಹೌದ್ರಿ, ಅಂದೆ ನಾನು.