ಅಕ್ಕನ ಕಣ್ಣಿಗೆ ಬಿಟ್ಟ ಬ್ಯಾಟರಿ

1989ರ ಫೆಬ್ರವರಿಯಲ್ಲಿ, ಬ್ಯಾಡಗಿಯ ನಮ್ಮ ಮನೆಯ ಪಡಸಾಲೆಯಲ್ಲಿ, ನಾನು ಅಕ್ಕನ ಕಣ್ಣಿಗೆ ಬ್ಯಾಟರಿ ಬಿಟ್ಟು ನೋಡಿ, ಅವಳು ಸುಳ್ಳು ಹೇಳುತ್ತಿದ್ದಾಳೆ ಎಂದು ಅವ್ವನಿಗೆ ತಿಳಿಸಿದೆ. ಅಕ್ಕ ಗಿರಿಜಾಳಿಗೆ ಆಗ ಹದಿನಾರು, ನನಗೆ ಹತ್ತು. ಟಾರ್ಚಿಗೆ ನಾವು ಬ್ಯಾಟರಿ ಅನ್ನುತ್ತಿದ್ದೆವು.

ಆ ದಿನಗಳಲ್ಲಿ ಸುಗ್ಗಿ ಬಂತೆಂದರೆ ಊರಿಗೆ ಊರೇ ಸೀನುತ್ತಿತ್ತು. ಪಾಟಿಚೀಲಕ್ಕೂ, ಬುತ್ತಿಯ ರೊಟ್ಟಿಗೂ ಮೆಣಸಿನಕಾಯಿಯ ಘಾಟು. ಅವ್ವ, ಅಕ್ಕ ವ್ಯಾಪಾರಿಯ ಚೀಲಗಳನ್ನು ಮನೆಗೆ ತಂದು, ಕಾಯಿಯ ತೊಟ್ಟು ಮುರಿದು, ಬಿಳಿಚಿದವನ್ನು ಬೇರೆ ಮಾಡುತ್ತಿದ್ದರು. ಕಣ್ಣು ಉರಿದರೆ ಕೈ ಹಚ್ಚುವಂತಿಲ್ಲ. ಜಡೆಯ ತುದಿಯಿಂದ ಒರೆಸಿಕೊಳ್ಳಬೇಕು. ಸುಗ್ಗಿಯಲ್ಲಿ ಕಣ್ಣು ಮಂಜಾಗುವುದು ಯಾರಿಗೂ ಸುದ್ದಿಯಲ್ಲ.

ಆ ವರ್ಷ ಅಕ್ಕ ಬಿಳಿಚಿದ ಕಾಯಿಗಳನ್ನು ಒಳ್ಳೆಯ ರಾಶಿಗೆ ಹಾಕತೊಡಗಿದಳು.

"ಏ ಗಿರಿಜಾ, ಕಣ್ಣ ಎಲ್ಲಿಟ್ಟೀದಿ?" ಎಂದಳು ಅವ್ವ.

"ಎಲ್ಲಾ ಒಂದ ಬಣ್ಣ ಕಾಣಾಕತ್ತಾವ ಎವ್ವಾ. ನಡುವ ಹೊಗಿ ಕುಂತಂಗ ಐತಿ. ನಿನ್ನ ಮಾರಿನೂ ಕಾಣವಲ್ತು."

"ಮತ್ತ ಗೋಡಿಗೆ ಹಾಯದಂಗ ಹೆಂಗ ಅಡ್ಡಾಡ್ತೀದಿ?"

"ಮಗ್ಗಲದ್ದು ಕಾಣತೈತಿ. ನಡುವಿಂದ ಇಲ್ಲ."

"ಅಬಾಬಾ! ನಿನಗ ಕೆಲಸಾ ಮಾತ್ರ ನಡುವ ಬರತೈತಿ ನೋಡು."

ಆದರೂ ಅವ್ವನಿಗೆ ಅಳುಕಿತ್ತು. ಗುರುವಾರ ಹಾವೇರಿಗೆ ಹೋಗಿ ಕಣ್ಣಿನ ಡಾಕ್ಟರಿಗೆ ತೋರಿಸೋಣ ಎಂದಳು.

ಬುಧವಾರ ಸಂಜೆ ನಾನು ಬ್ಯಾಟರಿ ತಂದೆ. ಬೆಳಕು ಬಿದ್ದರೆ ಕಣ್ಣಿನ ಪಾಪೆ ಕಿರಿದಾಗುತ್ತದೆ ಎಂದು ಶಾಲೆಯಲ್ಲಿ ಮಾಸ್ತರರು ತೋರಿಸಿಕೊಟ್ಟಿದ್ದರು. ಅಂದಿನಿಂದ ಒಬ್ಬರ ಕಣ್ಣಿಗೆ ಒಬ್ಬರು ಬೆಳಕು ಬಿಡುವುದೇ ನಮ್ಮ ಆಟ, ಬೆಕ್ಕನ್ನೂ ಬಿಟ್ಟಿರಲಿಲ್ಲ. ಪಾಪೆ ಕಿರಿದಾದರೆ ಕಣ್ಣು ಕಾಣುತ್ತದೆ ಎಂಬುದು ನಮ್ಮ ಲೆಕ್ಕ.

ಅಕ್ಕನ ಗದ್ದ ಹಿಡಿದೆತ್ತಿದೆ. ಎರಡೂ ಪಾಪೆಗಳು ಸಾಸಿವೆಯಷ್ಟಾದವು.

"ಎವ್ವಾ, ಅಕ್ಕಗ ಕಾಣತೈತಿ! ಲಗೂ ಬಾ, ಪಾಪಿ ಸಣ್ಣಾತು!"

ಅವ್ವ ಬ್ಯಾಟರಿ ಇಸಿದುಕೊಂಡು ತಾನೂ ಎರಡು ಸಲ ಬಿಟ್ಟು ನೋಡಿದಳು. ನಂತರ ಅಕ್ಕನ ಕೆನ್ನೆಗೆ ಹೊಡೆದಳು.

"ಈಗ ಹೇಳು, ಕಾಣತೈತೋ ಇಲ್ಲೋ?"

ಅಕ್ಕ ನನ್ನತ್ತ ತಿರುಗಿದಳು. ನನ್ನ ಮುಖವನ್ನಲ್ಲ, ಕಿವಿಯ ಪಕ್ಕದ ಗೋಡೆಯನ್ನು ನೋಡಿದಳು.

"ಕಾಣತೈತಿ" ಎಂದಳು.

ಗುರುವಾರ ಯಾರೂ ಹಾವೇರಿಗೆ ಹೋಗಲಿಲ್ಲ. ಮುಂದೆ ಅವ್ವ ಕೇಳಿದಾಗಲೆಲ್ಲ ಅಕ್ಕನದು ಅದೇ ಉತ್ತರ. ಯುಗಾದಿಯ ಮರುದಿನ ಅವಳು ರೊಟ್ಟಿ ತಿರುವಲು ಹೋಗಿ, ಕಾದ ಹಂಚಿನ ಮೇಲೆ ಅಂಗೈ ಊರಿದಳು.

ಹಾವೇರಿಯ ಡಾಕ್ಟರು ಮೊದಲು ಬ್ಯಾಟರಿಯನ್ನೇ ಬಿಟ್ಟು ನೋಡಿದರು. ಆಮೇಲೆ ಗೋಡೆಯ ಅಕ್ಷರ ತೋರಿಸಿದರು. ಎಲ್ಲಕ್ಕಿಂತ ದೊಡ್ಡದೂ ಅಕ್ಕನಿಗೆ ಕಾಣಲಿಲ್ಲ.

"ಕಣ್ಣಿನ ನರಾ ಒಣಗ್ಯಾವ ತಾಯಿ. ಹೋದದ್ದು ತಿರುಗಿ ಬರೂದಿಲ್ಲ."

"ಪಾಪಿ ಸಣ್ಣಾಗತೈತಲ್ರಿ ಸಾಹೇಬ್ರ?" ಎಂದಳು ಅವ್ವ.

"ಆಗತೈತಿ. ಯಾಕಂತ ನನಗೂ ತಿಳೀವಲ್ದು."

"ಮೊದಲ ಕರಕೊಂಡ ಬಂದಿದ್ರ?"

"ಆಗೂ ಔಷಧ ಇರಲಿಲ್ರಿ."

ಬಸ್ಸಿನಲ್ಲಿ ಅವ್ವ ಅಕ್ಕನ ಬಟ್ಟೆ ಸುತ್ತಿದ ಕೈ ಹಿಡಿದುಕೊಂಡಳು. ಅಕ್ಕ ಕೈ ಬಿಡಿಸಿಕೊಂಡಳು.

ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಮೇಲೆ, ಪತ್ರಿಕೆಯ ಕಚೇರಿಯಲ್ಲಿ ವಿಜ್ಞಾನದ ಸುದ್ದಿಯೊಂದು ತಿದ್ದಲು ನನ್ನ ಮೇಜಿಗೆ ಬಂತು. ಕಣ್ಣಿನ ಒಳಪದರದಲ್ಲಿ ಬೆಳಕನ್ನು ತಾವೇ ಅರಿಯುವ ಬೇರೆ ಕೆಲವು ಕೋಶಗಳಿವೆ. ಪಾಪೆಯನ್ನು ಕಿರಿದುಗೊಳಿಸುವುದು ಅವುಗಳ ಕೆಲಸ. ನೋಟವನ್ನು ಮಿದುಳಿಗೆ ಒಯ್ಯುವ ಕೋಶಗಳು ಸತ್ತರೂ ಕೆಲವು ಕಾಯಿಲೆಗಳಲ್ಲಿ ಇವು ಉಳಿದುಕೊಳ್ಳುತ್ತವೆ. ಮೂರು ಸಲ ಓದಿದೆ. ಆ ಹೊತ್ತಿಗೆ ಅವ್ವ ತೀರಿಕೊಂಡಿದ್ದಳು. ಸುದ್ದಿಯನ್ನು ಕತ್ತರಿಸಿ ಇಟ್ಟುಕೊಂಡೆ, ಅಕ್ಕನಿಗೆ ಹೇಳಲಿಲ್ಲ.

ಬ್ಯಾಡಗಿಯಲ್ಲಿ ಘಾಟು ಈಗಲೂ ಇದೆ. ಆ ಪಡಸಾಲೆ ಇಲ್ಲ. ಅಕ್ಕ ರಾಣೆಬೆನ್ನೂರಿನಲ್ಲಿ ನನ್ನ ಜೊತೆಗಿದ್ದಾಳೆ. ತನಗೆ ನಿಜವಾಗಿ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂದು ಆ ಬುಧವಾರದ ನಂತರ ಅವಳು ಮನೆಯವರಲ್ಲಿ ಯಾರಿಗೂ ಹೇಳಿಲ್ಲ.

ಕಳೆದ ಭಾನುವಾರ ಆ ಸುದ್ದಿಯನ್ನು ಅವಳಿಗೆ ಓದಿದೆ. ಪೂರ್ತಿ ಕೇಳಿದಳು.

"ತಪ್ಪು ನಂದ ಅಕ್ಕಾ. ಖರೇ ಹೇಳು, ಈಗ ನಿನಗ ಏನರ ಕಾಣತೈತೇನು?"

ಅಕ್ಕ ನನ್ನ ಕಿವಿಯ ಪಕ್ಕಕ್ಕೆ ತಿರುಗಿದಳು.

"ಕಾಣತೈತಿ" ಎಂದಳು.