ನಕ್ಷೆಯಲ್ಲಿಲ್ಲದ ಮೆಟ್ಟಿಲು

ಧಾರವಾಡದಿಂದ ಜಮಖಂಡಿಗೆ ಹೊರಡುವ ಬೆಳಗಿನ ಬಸ್ಸು ಹಿಡಿದೆ. ಕಂಡಕ್ಟರು ಆಧಾರ್ ಕಾರ್ಡಿನ ಮೇಲೆ ಕಣ್ಣಾಡಿಸಿ ಶೂನ್ಯ ದರದ ಟಿಕೆಟ್ ಹರಿದುಕೊಟ್ಟರು. ಕಬ್ಬು ನುರಿಸುವ ದಿನಗಳು. ಲೋಕಾಪುರ ದಾಟಿದ ಮೇಲೆ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳುತ್ತ ಸಾಗಿತು. ಮುಧೋಳದಲ್ಲಿ ಚಾಲಕರು ಚಹಾಕ್ಕೆ ಇಳಿದವರು ಅರ್ಧ ಗಂಟೆ ಬರಲಿಲ್ಲ. ಜಮಖಂಡಿ ತಲುಪುವ ಹೊತ್ತಿಗೆ ನನ್ನ ಕುತ್ತಿಗೆ ಹಿಡಿದುಕೊಂಡಿತ್ತು. ನಿಲ್ದಾಣದ ಎದುರಿನ ಲಾಡ್ಜಿನಲ್ಲಿ ಚೀಲವಿಟ್ಟು, ಮುಖ ತೊಳೆದು, ಬನಹಟ್ಟಿಯ ಬಸ್ಸು ಹತ್ತಿದೆ.

ನಾನು ಒಂದು ಸಣ್ಣ ಸಾರಿಗೆ ವಸ್ತುಸಂಗ್ರಹಾಲಯದಲ್ಲಿ ಕೆಲಸ ಮಾಡುತ್ತೇನೆ. ಬನಹಟ್ಟಿಯ ಈರಪ್ಪ ಎಂಬ ನಿವೃತ್ತ ರೈಲ್ವೆ ಫಿಟ್ಟರ್, ತಾವು ದುರಸ್ತಿ ಮಾಡುತ್ತಿದ್ದ ಡೀಸೆಲ್ ಎಂಜಿನ್ನಿನ ಪುಟ್ಟ ಮಾದರಿಯೊಂದನ್ನು ಮಾಡಿ, ನಮಗೆ ಕೊಡುವುದಾಗಿ ಪತ್ರ ಬರೆದಿದ್ದರು. ಅದು ಮೂಲದಂತೆಯೇ ಇದೆಯೇ ಎಂದು ಅಳೆದು ನೋಡಿ ನಾನು ಸಹಿ ಹಾಕಬೇಕು. ಸಹಿ ಇಲ್ಲದೆ ಯಾವ ಮಾದರಿಯೂ ನಮ್ಮ ಗಾಜಿನ ಪೆಟ್ಟಿಗೆ ಸೇರುವುದಿಲ್ಲ.

ಆ ಎಂಜಿನ್ನುಗಳ ವರ್ಗಕ್ಕೆ ಝಡ್‌ಡಿಎಂ ಎಂದು ಹೆಸರು. ಝಡ್ ಎಂದರೆ ಎರಡೂವರೆ ಅಡಿಯ ಸಣ್ಣ ಹಳಿ, ಡಿ ಎಂದರೆ ಡೀಸೆಲ್, ಎಂ ಎಂದರೆ ಜನರ ಗಾಡಿಯನ್ನೂ ಸರಕಿನ ಗಾಡಿಯನ್ನೂ ಎಳೆಯುವಂಥದ್ದು. ಉಗಿ ಎಂಜಿನ್ನುಗಳು ಹಳತಾದಾಗ ಅವುಗಳ ಜಾಗಕ್ಕೆ ಇವು ಬಂದವು; ಸಣ್ಣ ಹಳಿಗಳನ್ನೇ ಕಿತ್ತು ದೊಡ್ಡ ಹಳಿ ಹಾಕಿದಾಗ ಇವೂ ಹೋದವು. ಈರಪ್ಪನವರ ಶೆಡ್ಡು ಇದ್ದದ್ದು ಕೃಷ್ಣೆಯಾಚೆ, ಮಹಾರಾಷ್ಟ್ರದಲ್ಲಿ. ಅಲ್ಲೀಗ ಆ ಹಳಿಯೂ ಇಲ್ಲ.

ಬನಹಟ್ಟಿಯ ಓಣಿಯಲ್ಲಿ ಎರಡೂ ಬದಿಗೆ ವಿದ್ಯುತ್ ಮಗ್ಗಗಳ ಸದ್ದು. ಈರಪ್ಪನವರ ಹೆಂಡತಿ ನೀಲವ್ವ ಬಾಗಿಲಿಗೆ ಬಂದು ಕೂಗಿಯೇ ಮಾತಾಡಿಸಿದರು.

“ಬರ್ರಿ, ಬರ್ರಿ. ಇವರ ಇನ್ನೊಬ್ಬ ಹೇಣ್ತಿ ಒಳಗ ಅದಾಳ. ಆರು ವರ್ಷ ಆತು, ಆಕೀನ್ನ ಬಿಟ್ಟ ಏಳವಲ್ರು.”

“ಆಕಿ ಬೈಯೂದಿಲ್ಲ ನೋಡು, ಅದಕ್ಕ,” ಎಂದು ಒಳಗಿನಿಂದ ಉತ್ತರ ಬಂತು.

ಮಾದರಿ ಎರಡು ಅಡಿಗೂ ಕಡಿಮೆ ಉದ್ದವಿತ್ತು. ಮೂಲದ ಇಪ್ಪತ್ತರಲ್ಲಿ ಒಂದು ಪಾಲು. ಹಳೆಯ ಮಗ್ಗಗಳ ಬಿಡಿಭಾಗಗಳನ್ನೇ ಕೊರೆದು, ತಿಕ್ಕಿ ಮಾಡಿದ್ದರು. ಈರಪ್ಪ ಎಂಬತ್ತರ ಹತ್ತಿರದವರು. ವಸ್ತುವನ್ನು ಕಣ್ಣಿನ ತೀರ ಸಮೀಪ ಹಿಡಿದು ನೋಡುತ್ತಿದ್ದರು. ಎಂಜಿನ್ನಿನ ಹೊದಿಕೆ ತೆರೆದು ಒಳಗೆ ಬೆರಳಿಟ್ಟರು.

“ಎಂಜಿನ್ ಸೀದಾ ಗಾಲಿ ತಿರಗಸೂದಿಲ್ರಿ. ಎಂಜಿನ್ ಎಣ್ಣಿ ತಿರಗಸ್ತೈತಿ, ಎಣ್ಣಿ ಗಾಲಿ ತಿರಗಸ್ತೈತಿ. ಅದಕ್ಕ ಮೆತ್ತಗ ಎಳೀತಿತ್ತು, ಕುಂತವರ ಚಹಾ ಚೆಲ್ಲತಿದ್ದಿಲ್ಲ. ಇನ್ನ, ಈ ಗಾಲಿ ನೋಡ್ರಿ. ಇದು ದುಡಿಯೂದಲ್ಲ, ಬರೇ ಭಾರ ಹೊರೂದು. ನಮ್ಮ ಹಳಿ ಹಗೂರ ಇದ್ದುವು. ಭಾರ ಹಂಚಲಿಲ್ಲಂದ್ರ ಬಗ್ಗತಿದ್ದುವು.”

ನಾನು ಕೊಂಡೊಯ್ದ ಮೂಲ ಎಂಜಿನ್ನಿನ ನಕ್ಷೆಯನ್ನು ಹಾಸಿ ಎರಡು ತಾಸು ಅಳೆದೆ. ಗಾಲಿಗಳ ನಡುವಿನ ಅಂತರ ಮೂವತ್ತೆಂಟು ಮಿಲಿಮೀಟರ್, ಲೆಕ್ಕ ಸರಿಹೋಯಿತು. ಕಿಟಕಿ, ದೀಪ, ಕೈಹಿಡಿ ಎಲ್ಲವೂ ಸರಿ. ಎಡಬಾಗಿಲಿನಿಂದ ಇಳಿಯುವ ಮೆಟ್ಟಿಲುಗಳ ಕೆಳಗೆ ಮಾತ್ರ ಉಗುರಿನಷ್ಟಗಲದ ಇನ್ನೊಂದು ಮೆಟ್ಟಿಲಿತ್ತು.

“ಇದು ನಕ್ಷೆಯಲ್ಲಿಲ್ಲ,” ಎಂದೆ.

“ನಕಾಶೆದಾಗ ಇಲ್ರಿ. ಗಾಡಿಗಿ ಇತ್ತು. ನಮ್ಮ ಶೆಡ್ಡಿನವಕ್ಕೆಲ್ಲ ಇತ್ತು.” ಅವರು ನನ್ನ ಮುಖ ನೋಡದೆ ಹೇಳಿದರು.

ನಕ್ಷೆಯಲ್ಲಿ ಇಲ್ಲದ್ದಕ್ಕೆ ಇನ್ನೊಬ್ಬರ ಸಾಕ್ಷ್ಯ ಬೇಕು ಎಂಬುದು ನಮ್ಮ ನಿಯಮ. ಅದೇ ಶೆಡ್ಡಿನ ಚಾಲಕ ಬೀರಪ್ಪ ಎಂಬವರು ಬೀಳಗಿಯ ಬಳಿ ಇದ್ದಾರೆಂದು ನನ್ನ ಪಟ್ಟಿಯಲ್ಲಿತ್ತು. ನಾಳೆ ಅವರನ್ನು ಕೇಳಿ ಬರುತ್ತೇನೆ ಎಂದೆ.

“ಬೀರ್ಯಾ? ಇನ್ನೂ ಅದಾನೇನ್ ಅಂವ?” ಎಂದು ನಕ್ಕ ಈರಪ್ಪ ಆಮೇಲೆ ಸುಮ್ಮನಾದರು.

“ಯಾಕ್ರೀ, ಗಂಟಲಾಗ ಮುಳ್ಳ ಸಿಕ್ತೇನು?” ಎಂದರು ನೀಲವ್ವ. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಬಡಿಸಿದರು. ಹೊರಡುವಾಗ ಓಣಿಯ ತನಕ ಬಂದು ನನ್ನ ಕೈ ಹಿಡಿದರು. “ಕಣ್ಣ ಹೊಂಟಾವ್ರಿ ಅವರವು. ಇನ್ನೊಂದು ಮಾಡಾಕ ಆಗೂದಿಲ್ಲ. ಇಲ್ಲೆ ಯಾರಿಗೂ ಅದು ಬೇಕಾಗಿಲ್ಲ. ಹೆಂಗರ ಮಾಡಿ ಒಯ್ರಿ.”

ನಾನು ಜಮಖಂಡಿಯ ಬಸ್ಸು ಹಿಡಿದು ಲಾಡ್ಜಿಗೆ ಮರಳಿದೆ.

ಎರಡನೆಯ ದಿನ ಜಮಖಂಡಿ ನಿಲ್ದಾಣದಲ್ಲಿ ಬೀಳಗಿಯ ಬಸ್ಸಿಗೆ ಒಂದೂವರೆ ತಾಸು ಕಾದೆ. ಬಂದದ್ದು ತುಂಬಿ ಬಂತು. ಅರ್ಧ ದಾರಿ ನಿಂತೆ, ಇನ್ನರ್ಧ ಯಾರದೋ ಜೋಳದ ಚೀಲದ ಮೇಲೆ ಕೂತೆ. ಬೀಳಗಿಯಿಂದ ಆಟೋದವನು ಹಿನ್ನೀರಿಗೆ ಮುಳುಗಿದ ಹಳ್ಳಿಯವರಿಗೆ ಕಟ್ಟಿಕೊಟ್ಟ ಹೊಸ ಊರಿಗೆ ಬಿಟ್ಟ. ಮನೆಗಳೆಲ್ಲ ಒಂದೇ ಅಳತೆ. ವಿಳಾಸ ಕೇಳುತ್ತ ಬಿಸಿಲಲ್ಲಿ ಮೂರು ಸುತ್ತು ತಿರುಗಿದೆ.

ಬೀರಪ್ಪ ಆಡುಗಳ ಹಟ್ಟಿಯ ಮುಂದೆ ಕಂಬಳಿ ಹಾಸಿ ಕೂತಿದ್ದರು. ಈರಪ್ಪನವರ ಹೆಸರು ಹೇಳಿದ ಕೂಡಲೇ ಮುಖ ಅರಳಿತು.

“ಈರ್ಯಾ? ಹಲ್ಲ ಅದಾವೇನ್ರಿ ಅಂವಗ? ನನಗ ಎರಡ ಉಳದಾವ, ಆಡಿಗಿ ಹೆದರಸಾಕ ಸಾಕು.”

ನಾನು ಮಾದರಿಯ ಫೋಟೋ ತೋರಿಸಿದೆ. ಅವರು ಫೋನನ್ನು ನೆರಳಿಗೆ ಹಿಡಿದು ಬಹಳ ಹೊತ್ತು ನೋಡಿದರು. ಕೊನೆಯ ಮೆಟ್ಟಿಲಿನ ಬಗ್ಗೆ ಕೇಳಿದಾಗ ನಗು ನಿಂತಿತು.

“ಇದನ್ನೂ ಮಾಡ್ಯಾನ? ಇದು ಇದ್ದಿಲ್ರಿ. ಯಾವ ಗಾಡಿಗೂ ಇದ್ದಿಲ್ಲ.”

ಸದಾಶಿವ ಎಂಬ ಪಾಯಿಂಟ್ಸ್‌ಮನ್ ಇದ್ದನಂತೆ. ಹಳಿ ಬದಲಿಸಲು ಗಾಡಿಯಿಂದ ಇಳಿಯುವುದು ಅವನ ಕೆಲಸ. ಆ ದಾರಿಯ ಸಣ್ಣ ನಿಲ್ದಾಣಗಳಲ್ಲಿ ಪ್ಲಾಟ್‌ಫಾರ್ಮ್ ಇರಲಿಲ್ಲ. ಹಳಿಯ ಪಕ್ಕದ ನೆಲ ತಗ್ಗಿನಲ್ಲಿತ್ತು. ಒಂದು ಮಳೆಯ ಮುಂಜಾನೆ ಇಳಿಯುವಾಗ ಕಾಲು ಜಾರಿ ಗಾಲಿಗೆ ಸಿಕ್ಕ. ಬದುಕಿಕೊಂಡ, ಆದರೆ ಪಾದ ಹೋಯಿತು.

“ಗಾಡಿ ನಾನ ಹೊಡೀತಿದ್ನಿ,” ಎಂದರು ಬೀರಪ್ಪ. “ಅವತ್ತಿಂದ ಈರ್ಯಾ ಒಂದ ಹಟಾ ಹಿಡದಾ. ಇನ್ನೊಂದ ಮೆಟ್ಟಲಾ ಹಚ್ಚತೇನಿ, ಒಪ್ಪಿಗಿ ಕೊಡ್ರಿ ಅಂತ ಅರ್ಜಿ ಮ್ಯಾಲ ಅರ್ಜಿ. ಸಾಹೇಬ್ರು ನಕಾಶೆದಾಗ ಇಲ್ಲ ಅಂತ ಹೊಳ್ಳಿ ಕಳಿಸೂದು. ಅಂವ ರಿಟೈರ್ ಆಗೂತನಾ ಇದ ನಡೀತು.”

ಹಿಂದಿನ ದಿನ ನಾನೂ ಅದೇ ಮಾತು ಹೇಳಿದ್ದೆ.

“ಇತ್ತು ಅಂತ ಬರಕೊಳ್ರಿ ಬೇಕಾದ್ರ,” ಎಂದರು ಅವರು. “ನಾ ಹೆಬ್ಬೆಟ್ಟ ಒತ್ತತೇನಿ. ಯಾರ ಬಂದು ನೋಡಾವ್ರು?”

“ಹಾಗೆ ಬರೆಯುವುದಕ್ಕಾಗುವುದಿಲ್ಲ,” ಎಂದೆ. ಅವರು ಒತ್ತಾಯಿಸಲಿಲ್ಲ; ಒಂದು ಲೋಟ ಆಡಿನ ಹಾಲಿನ ಚಹಾ ಕೊಟ್ಟು ಕಳಿಸಿದರು.

ಮೂರನೆಯ ದಿನ ಮೈಕೈ ನೋವಿತ್ತು. ಬನಹಟ್ಟಿಗೆ ಹೋಗದೆ ನೇರವಾಗಿ ಧಾರವಾಡದ ಬಸ್ಸು ಹತ್ತಿ, ‘ತಿರಸ್ಕೃತ’ ಎಂದು ಅಂಚೆಯಲ್ಲಿ ತಿಳಿಸಬಹುದಿತ್ತು. ಲಾಡ್ಜಿನ ಮಂಚದ ಮೇಲೆ ಕೂತು ಅದನ್ನೇ ಸ್ವಲ್ಪ ಹೊತ್ತು ಯೋಚಿಸಿದೆ. ಕೊನೆಗೆ ಬನಹಟ್ಟಿಗೇ ಹೋದೆ.

ನಾನು ಬಾಯಿ ತೆರೆಯುವ ಮೊದಲೇ ಈರಪ್ಪ ತಿಳಿದುಕೊಂಡರು. “ಹೇಳಿದ್ನೇನ್ರಿ ಬೀರ್ಯಾ?”

“ಹೇಳಿದರು. ಮೆಟ್ಟಿಲು ನೀವು ಸೇರಿಸಿದ್ದು ಎಂದು ಚೀಟಿಯಲ್ಲಿ ಬರೆದು ಪಕ್ಕದಲ್ಲಿಡಬಹುದು.”

“ಬ್ಯಾಡ್ರಿ. ನೋಡಿದವರು ಆ ಗಾಡಿಗಿ ಮೆಟ್ಟಲಾ ಇತ್ತು ಅಂತನ ತಿಳೀತಾರ. ಚೀಟಿ ಯಾರ ಓದತಾರ? ನಾ ನಿಮಗ ಸುಳ್ಳ ಹೇಳಿದ್ನಿ, ಅದು ತಪ್ಪಾತು.”

ಕನ್ನಡಕ ರಿಪೇರಿ ಮಾಡುವ ಸಣ್ಣ ಸ್ಕ್ರೂಡ್ರೈವರ್ ತಂದರು. ಉಳಿದದ್ದೆಲ್ಲ ಬೆಸುಗೆ ಹಾಕಿದ್ದು. ಆ ಮೆಟ್ಟಿಲನ್ನು ಮಾತ್ರ ಎರಡು ಸ್ಕ್ರೂ ಹಿಡಿದಿದ್ದವು. ಕಣ್ಣಿನಿಂದಲ್ಲ, ಬೆರಳಿನಿಂದ ತಡವಿ ಅವನ್ನು ಬಿಚ್ಚಿದರು. ಮೆಟ್ಟಿಲನ್ನು ಅಂಗಿಯ ಕಿಸೆಗೆ ಹಾಕಿಕೊಂಡರು.

“ಈಗ ನಿಮ್ಮ ನಕಾಶೆ ಆತು. ಸಹಿ ಮಾಡ್ರಿ. ಈ ತೂತಿಗಿ ಪುಟ್ಟಿ ತುಂಬಿ ಬಣ್ಣಾ ಹಚ್ಚಲೇನು? ಯಾರಿಗೂ ಗೊತ್ತಾಗೂದಿಲ್ಲ.”

“ಬೇಡ, ಹಾಗೇ ಇರಲಿ,” ಎಂದೆ.

ಸಹಿ ಹಾಕಿದೆ. ಕೆಳಗೆ ‘ವಸ್ತುವಿನ ಸ್ಥಿತಿ’ ಎಂಬ ಜಾಗವಿರುತ್ತದೆ. ಒಡಕು, ತುಕ್ಕು ಬರೆಯುವುದಕ್ಕೆ. ಅಲ್ಲಿ ಬರೆದೆ.

“ಏನ್ ಬರದ್ರಿ? ಓದ್ರಿ,” ಎಂದರು ಈರಪ್ಪ.

ಓದಿದೆ. ಮಗ್ಗಗಳ ಸದ್ದಿಗೆ ಅವರಿಗೆ ಕೇಳಿಸಲಿಲ್ಲ. ನೀಲವ್ವನೂ ಒಲೆ ಬಿಟ್ಟು ಬಂದರು. “ಒದರ್ರಿ ಅಕ್ಕಾರ, ಇಲ್ಲೆ ಎಲ್ಲಾರೂ ಒದರೂದ!”

ನನಗೆ ಗಟ್ಟಿಯಾಗಿ ಮಾತಾಡಿ ಅಭ್ಯಾಸವಿಲ್ಲ. ಆದರೂ ಓಣಿಯ ಬಾಗಿಲಲ್ಲಿ ನಿಂತು ಕೂಗಿ ಓದಿದೆ: “ಎಡಬಾಗಿಲಿನ ಕೆಳಗೆ ಎರಡು ತೂತುಗಳಿವೆ. ಪಾಯಿಂಟ್ಸ್‌ಮನ್ ಸದಾಶಿವ ಪಾದ ಕಳೆದುಕೊಂಡ ಮೇಲೆ ಇಲ್ಲೊಂದು ಮೆಟ್ಟಿಲು ಬೇಕೆಂದು ಫಿಟ್ಟರ್ ಈರಪ್ಪ ಕೇಳುತ್ತಲೇ ಇದ್ದರು. ರೈಲ್ವೆಯವರು ಹಚ್ಚಗೊಡಲಿಲ್ಲ. ತೂತುಗಳನ್ನು ಮುಚ್ಚಬಾರದು.”

ಈರಪ್ಪ ತಲೆಯಾಡಿಸಿ, ಹಳೆಯ ಸೀರೆಯಲ್ಲಿ ಮಾದರಿಯನ್ನು ಸುತ್ತಿಕೊಟ್ಟರು. ಮಹಾಲಿಂಗಪುರದ ಮೇಲೆ ಮುಧೋಳಕ್ಕೆ ಹೋಗುವ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಮುಧೋಳದವರೆಗೂ ಅದನ್ನು ತೋಳಿನಲ್ಲಿ ಹೊತ್ತು ನಿಂತೇ ಬಂದೆ.