ಯಂತ್ರಕ್ಕೆ ಮಾಡಿದ ಮರ್ಯಾದೆ

ನಾಲ್ಕು ವಿಭಾಗದವರು ಸೇರಿ ಒಂದೇ ಸಂಶೋಧನೆ ಮಾಡುವುದೆಂದರೆ ನಾಲ್ವರು ಸೊಸೆಯಂದಿರು ಒಂದೇ ಒಲೆಯಲ್ಲಿ ಅಡುಗೆ ಮಾಡಿದಂತೆ. ಪರಿಸರ ವಿಜ್ಞಾನದವರಿಗೆ ಹೊಗೆ ಬೇಕಿತ್ತು, ಇಂಧನ ವಿಭಾಗದವರಿಗೆ ಒಲೆ ಬೇಕಿತ್ತು, ವಾಣಿಜ್ಯದವರಿಗೆ ರೊಟ್ಟಿ ವ್ಯಾಪಾರ ಬೇಕಿತ್ತು. ಸಮಾಜಕಾರ್ಯ ಕಲಿಸುವ ನನಗೆ ಹೆಂಗಸರ ಮಾತು ಬೇಕಿತ್ತು. ಸಭೆಗಳಲ್ಲಿ ನನ್ನ ಸರದಿ ಬರುವ ಹೊತ್ತಿಗೆ ಎಲ್ಲರಿಗೂ ಊಟದ ನೆನಪಾಗುತ್ತಿತ್ತು. ನಾನೇನು ಸುಮ್ಮನಿರುವ ಪೈಕಿಯಲ್ಲ, ಊಟ ಆರಿದರೂ ಸರಿ ಎಂದು ಹೇಳಬೇಕಾದ್ದನ್ನು ಹೇಳಿಯೇ ಏಳುತ್ತಿದ್ದೆ.

ನಾನಿರುವುದು ಶಹಾಪುರದಲ್ಲಿ. ನನ್ನ ಅಕ್ಕನನ್ನು ಕೊಟ್ಟದ್ದು ಸುರಪುರದ ಕಡೆಯ ಕಕ್ಕೇರಾಕ್ಕೆ. ಅಕ್ಕ ಮತ್ತು ಅವಳ ಸೊಸೆ ಮನೆಯಲ್ಲೇ ಖಡಕ್ ರೊಟ್ಟಿ ಬಡಿದು ಸುರಪುರದ ಖಾನಾವಳಿಗಳಿಗೆ ಬಸ್ಸಿನಲ್ಲಿ ಕಳಿಸುತ್ತಾರೆ. ಗ್ಯಾಸ್ ಇಲ್ಲವೆಂದಲ್ಲ, ಇದೆ. ಅದು ಚಹಾಕ್ಕೆ ಮತ್ತು ಬೀಗರಿಗೆ. ದಿನವಿಡೀ ರೊಟ್ಟಿ ಸುಡಲು ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆಯ ಒಲೆಯೇ ಆಗಬೇಕು. ಕಿಟಕಿಯಿಲ್ಲದ ಆ ಅಡುಗೆಮನೆಯ ಜಂತಿಗಳು ಕಾಡಿಗೆ ಬಳಿದಂತೆ ಕಪ್ಪಾಗಿದ್ದವು.

ಅಕ್ಕನಿಗೆ ಉಸಿರಾಟದ ತೊಂದರೆ ಶುರುವಾಗಿ ಬಹಳ ಕಾಲವಾಗಿತ್ತು. ಯಾದಗಿರಿಯ ಡಾಕ್ಟರಿಗೆ ತೋರಿಸಿದಾಗ ಅವರು ಮುಚ್ಚುಮರೆ ಮಾಡಲಿಲ್ಲ. ಹೊಗೆಯಿಂದ ಕೆಟ್ಟ ಪುಪ್ಪುಸ ಮತ್ತೆ ಮೊದಲಿನಂತಾಗುವುದಿಲ್ಲ, ಇನ್ನಾದರೂ ಒಲೆಯಿಂದ ದೂರ ಇರಿ ಎಂದರು. ಅಕ್ಕ ಹೊರಗೆ ಬಂದು ಸೆರಗು ಸರಿಮಾಡಿಕೊಂಡು, "ಒಲಿ ಮುಂದ ಕೂಡಬ್ಯಾಡ ಅಂದ್ರ ಮತ್ತ ಎಲ್ಲಿ ಕೂಡ್ಲಿ? ಇವರ ಕುರ್ಚಿ ಮ್ಯಾಲೇನು?" ಅಂದಳು. ನಾನು ನಕ್ಕೆ. ಆ ಚಳಿಗಾಲದಲ್ಲಿ ಸೊಸೆಯೂ ಕೆಮ್ಮತೊಡಗಿದಳು. ಆಗ ಯಾರಿಗೂ ನಗು ಬರಲಿಲ್ಲ. ಅವಳದು ಇನ್ನೂ ಎಳೆಯ ಜೀವ, ಮದುವೆಯಾಗಿ ಬಂದು ಹೆಚ್ಚು ದಿನವೂ ಆಗಿರಲಿಲ್ಲ.

ನಮ್ಮ ಸಂಶೋಧನೆಯಲ್ಲಿ ಒಂದು ಒಳ್ಳೆಯ ಮಾತಿತ್ತು. ಅಳೆದು ನೋಡಿ, ಹೊಗೆ ಹೆಚ್ಚಾಗಿರುವ ಮನೆಗಳಿಗೆ ಚಿಮಣಿ ಇರುವ ಹೊಸ ಒಲೆ ಕಟ್ಟಿಸಿಕೊಡುವುದು. ಮುದನಾಳ, ವಡಗೇರಾ, ಕಕ್ಕೇರಾಗಳಲ್ಲಿ ರೊಟ್ಟಿ ಮಾರುವ ಮನೆಗಳನ್ನೆಲ್ಲ ಗುರುತು ಮಾಡಿದ್ದೆವು. ಅಕ್ಕನ ಮನೆಯೂ ಅದರಲ್ಲಿತ್ತು. ಅವಳು ನನ್ನ ಅಕ್ಕ ಎಂದು ಮೊದಲೇ ಹೇಳಿಬಿಟ್ಟಿದ್ದೆ. ಅಳತೆಯಲ್ಲಿ ಬಂದರೆ ಬರಲಿ ಎಂದರು ಪರಿಸರ ವಿಭಾಗದ ಪ್ರೊಫೆಸರರು. ಬರದೆ ಎಲ್ಲಿಗೆ ಹೋದೀತು ಅಂದುಕೊಂಡೆ ನಾನು.

ಹೊಗೆ ಅಳೆಯುವ ಯಂತ್ರ ಟಿಫಿನ್ ಡಬ್ಬಿಯಷ್ಟಿತ್ತು. ಸಣ್ಣಗೆ ಗುಂಯ್‌ಗುಡುತ್ತ ಗಾಳಿ ಎಳೆದುಕೊಳ್ಳುತ್ತಿತ್ತು. ಬೆಳಿಗ್ಗೆ ಅದನ್ನು ಅಕ್ಕನ ಒಲೆಯ ಹತ್ತಿರದ ಗೂಟಕ್ಕೆ ತೂಗುಹಾಕಿ, ದಿನದಂತೆ ಕೆಲಸ ಮಾಡಿರಿ ಎಂದು ಹೇಳಿ ನಾನು ಬೇರೆ ಮನೆಗಳಿಗೆ ಹೋದೆ. ಮರುದಿನ ಬಂದು ನೋಡಿದರೆ ಗೋಡೆಗೆ ಸುಣ್ಣ ಬಳಿದು ಯಂತ್ರದ ನೆತ್ತಿಗೆ ಅರಿಶಿನ ಕುಂಕುಮ ಹಚ್ಚಿದ್ದರು. ನಗುತ್ತಲೇ ಅದನ್ನು ಒರೆಸಿ ಚೀಲಕ್ಕೆ ಹಾಕಿಕೊಂಡೆ.

ಲೆಕ್ಕ ಬಂದಾಗ ಅಕ್ಕನ ಮನೆಯ ಗಾಳಿ ನಮ್ಮ ಕಾಲೇಜಿನ ಗಾಳಿಗಿಂತ ಶುದ್ಧವಾಗಿತ್ತು. ಅಕ್ಕನ ಮನೆಯದಷ್ಟೇ ಅಲ್ಲ, ಆ ಓಣಿಯ ಎಲ್ಲ ಮನೆಗಳದೂ ಹಾಗೆಯೇ. ಕಕ್ಕೇರಾದಲ್ಲಿ ಹೊಸ ಒಲೆಯ ಅಗತ್ಯ ಕಾಣುವುದಿಲ್ಲ ಎಂದು ಪ್ರೊಫೆಸರರು ಬರೆಯಹೊರಟಿದ್ದರು. ನನ್ನ ಮೈಯೆಲ್ಲ ಉರಿದುಹೋಯಿತು.

"ಸರ್, ಆ ಜಂತಿ ನೋಡೀರೇನು ನೀವು? ಆ ಹೆಣ್ಮಕ್ಕಳ ಕೆಮ್ಮು ಕೇಳೀರೇನು?" ಎಂದೆ.

"ನೋಡಿದ್ದೇನೆ ಮೇಡಂ. ಆದರೆ ಲೆಕ್ಕದಲ್ಲಿ ಕೆಮ್ಮನ್ನು ಬರೆಯಲು ಬರುವುದಿಲ್ಲವಲ್ಲ" ಎಂದರು ಅವರು. ಕೆಟ್ಟ ಮನುಷ್ಯರಲ್ಲ, ಬೇಸರದಿಂದಲೇ ಹೇಳಿದರು.

ಮರುದಿನವೇ ಕಕ್ಕೇರಾದ ಬಸ್ ಹತ್ತಿದೆ. ಅಕ್ಕ ಬಾಗಿಲಲ್ಲೇ ಕುಳಿತು ಜೋಳ ಹಸನು ಮಾಡುತ್ತಿದ್ದಳು. ನೀರು ಕುಡಿಯುವ ಮೊದಲೇ, ಆವತ್ತು ಏನು ಮಾಡಿದಿರಿ ಎಂದು ಕೇಳಿದೆ.

"ಏನ್ ಮಾಡ್ತೀವಿ? ಚೊಲೋತ್ನಾಗ ನೋಡ್ಕೊಂಡೀವಿ ನಿನ್ನ ಮಷೀನ" ಅಂದಳು ಅಕ್ಕ ಹೆಮ್ಮೆಯಿಂದ. "ಗ್ವಾಡಿಗೆ ಸುಣ್ಣ ಬಳದೀವಿ. ಒಲಿ ಹಚ್ಚಲೇ ಇಲ್ಲ. ಹಿತ್ತಲದಾಗ ಮೂರು ಕಲ್ಲು ಹೂಡಿ ರೊಟ್ಟಿ ಸುಟ್ಟೀವಿ."

"ದಿನದ ಹಾಂಗ ಮಾಡ್ರಿ ಅಂತ ಹೇಳಿದ್ನೆಲ್ಲ ಅಕ್ಕ."

"ಹೇಳ್ತಿ ನೀ. ಸಾಲಿ ಕಲ್ತ ತಂಗಿ ತಂದಿಟ್ಟ ಸಾಮಾನು, ತವರಿನ ಕಡಿಂದ ಬಂದದ್ದು. ಅದರ ಮಾರಿಗೆ ಹೊಗಿ ಹಿಡೀಲೇನು? ಕರ್ರಗಾಗಿ ಹೋದ್ರ ನಿಮ್ಮ ಸರ್ ನಿನಗ ಏನಂತಿದ್ರು?"

ಓಣಿಯವರೆಲ್ಲ ಅಕ್ಕನನ್ನು ನೋಡಿ ಹಾಗೆಯೇ ಮಾಡಿದ್ದರು. ಮನೆಗೆ ಬಂದವರ ಕಣ್ಣಲ್ಲಿ ನೀರು ಬರಿಸಬಾರದು ಎಂಬುದು ನಮ್ಮ ಕಡೆಯ ರೀತಿ. ಬೀಗರು ಬಂದರೆ ಒಲೆ ಆರಿಸಿ ಗ್ಯಾಸ್ ಹಚ್ಚುತ್ತಾರೆ. ಬಂದದ್ದು ಹೊಗೆ ಹುಡುಕಿಕೊಂಡು ಬಂದ ಯಂತ್ರವಾದರೂ ಅದಕ್ಕೆ ಅದೇ ಮರ್ಯಾದೆ ಸಿಕ್ಕಿತ್ತು. ಯಾರನ್ನು ಬೈಯಲಿ? ಒಳಗೆ ಸೊಸೆ ಕೆಮ್ಮುವುದು ಕೇಳುತ್ತಿತ್ತು. ಈ ಮರ್ಯಾದೆಯಿಂದ ನಿಮ್ಮ ಓಣಿಗೆ ಹೊಸ ಒಲೆ ತಪ್ಪಿತು ಎಂದು ಹೇಳಿದೆ. ಅಕ್ಕನ ಕೈ ಮೊರದಲ್ಲೇ ನಿಂತಿತು.

ಕಾಲೇಜಿಗೆ ಮರಳಿ ನಡೆದದ್ದನ್ನು ಹೇಳಿದಾಗ ಪ್ರೊಫೆಸರರು ಪೂರ್ತಿ ಕೇಳಿಸಿಕೊಂಡರು. ಕೊನೆಗೆ, ಇನ್ನೊಮ್ಮೆ ಅಳೆಯೋಣ, ಈ ಸಲ ನೀವು ಅಲ್ಲೇ ಕೂರಬೇಕು, ಆದರೆ ಯಾವುದಕ್ಕೂ ಕೈ ಹಾಕಬಾರದು ಎಂದರು. ನಾನು ಒಪ್ಪಿದೆ. ಒಪ್ಪುವಾಗ ಅದು ಎಂಥ ಕೆಲಸವೆಂದು ನನಗೆ ತಿಳಿದಿರಲಿಲ್ಲ.

ಆ ದಿನ ನಾನು ಹೋಗುವ ಹೊತ್ತಿಗೆ ಸೊಸೆ ಚೀಲ ಹಿಡಿದು ಬಸ್ಸಿಗೆ ಹೊರಟಿದ್ದಳು. ಅವಳ ತವರು ವಡಗೇರಾ. "ಅತ್ತಿ ಒಬ್ಬರೇ ಹ್ಯಾಂಗ ಮಾಡ್ತಾರ್ರಿ ಸಣ್ಣತ್ತಿ, ನೀವರೆ ಹೇಳ್ರಿ" ಎಂದು ನನ್ನ ಮುಖ ನೋಡಿದಳು. ಅಕ್ಕ ಒಳಗಿನಿಂದಲೇ, "ನಿಮ್ಮವ್ವನ್ನ ಮಾತಾಡ್ಸಿ ಸಂಜೀಕ ಬಾ, ನಡಿ" ಎಂದು ಗದರಿದಳು.

ಅಕ್ಕ ಒಲೆ ಹಚ್ಚಿದಳು. ನಾನು ಯಂತ್ರದ ಕೆಳಗೆ ಗೋಡೆಗೆ ಒರಗಿ ಕುಳಿತೆ. ಇಷ್ಟು ವರ್ಷ ಆ ಮನೆಗೆ ಬೀಗರ ಹಾಗೆ ಬಂದುಹೋದ ನಾನು ಉರಿಯುವ ಒಲೆಯ ಮುಂದೆ ಪೂರ್ತಿ ಕುಳಿತದ್ದು ಅದೇ ಮೊದಲು. ಮೊದಲು ಕಣ್ಣು ಉರಿದವು, ಆಮೇಲೆ ಗಂಟಲು ಕಟ್ಟಿತು. ಅಕ್ಕ ಹಿಟ್ಟು ನಾದಿ, ಬಡಿದು, ಹಂಚಿಗೆ ಹಾಕಿ, ನೀರು ಸವರಿ, ತಿರುವಿ, ಹಂಚಿನಿಂದ ತೆಗೆದು ಕೆಂಡಕ್ಕೆ ಆನಿಸುತ್ತಿದ್ದಳು. ನಡುವೆ ಕೆಮ್ಮು ಬಂದರೆ ಮುಖ ಹೊರಳಿಸಿ ಕೆಮ್ಮಿ, ಸೆರಗಿನಿಂದ ಬಾಯಿ ಒರೆಸಿಕೊಂಡು ಮತ್ತೆ ಬಡಿಯುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಅವಳ ಉಸಿರು ಸಿಳ್ಳು ಹೊಡೆಯತೊಡಗಿತು. ತಲೆಯ ಮೇಲೆ ಯಂತ್ರ ಗುಂಯ್‌ಗುಡುತ್ತಲೇ ಇತ್ತು. ನನಗೆ ಅದನ್ನು ಕಿತ್ತು ಬೀದಿಗೆ ಎಸೆಯಬೇಕೆನ್ನಿಸಿತು.

"ಸಾಕು ಏಳಕ್ಕ, ನಾ ಬಡೀತೀನಿ" ಎಂದೆ. ಆಡಿದ ಮಾತು ಮುರಿದರೂ ಮುರಿಯಲಿ ಎಂದು ಎದ್ದೇಬಿಟ್ಟಿದ್ದೆ.

"ಕೂಡು ಸುಮ್ನ. ದಿನದ ಹಾಂಗ ಅಂದಾರಿಲ್ಲೋ ನಿಮ್ಮ ಸರ್?"

"ದಿನದ ಹಾಂಗ ಅಂದ್ರ ಸೊಸಿನೂ ಇರಬೇಕಿತ್ತು. ಆಕಿನ್ನ ಯಾಕ ಕಳಿಸಿದಿ?"

ಅಕ್ಕ ಹಂಚಿನ ಮೇಲಿನ ರೊಟ್ಟಿ ತಿರುವಿದಳು. ಕೆಮ್ಮು ಬಂತು, ಅದು ಇಳಿಯುವ ತನಕ ಕಾದಳು. ಆಮೇಲೆ ನನ್ನ ಕಡೆ ನೋಡದೆ, "ಅಳತಿ ತಗೋಳೂದಿದ್ರ ನನ್ನಿಂದ ತಗೋ ತಂಗಿ. ಆಕಿ ಎದೀಗೆ ಇನ್ನೊಂದ್ ದಿನದ ಹೊಗಿ ಬ್ಯಾಡ" ಅಂದಳು. ಮತ್ತೆ, "ಕಟಗಿ ಇನ್ನಷ್ಟು ಹಾಕ್ಲೇನು? ಸಾಲ್ತದಿಲ್ಲೋ ಇಷ್ಟು?" ಎಂದು ಕೇಳಿದಳು.

ಸಾಕು ಸಾಕು, ಎಂದಿನಷ್ಟೇ ಇರಲಿ ಎಂದೆ. ಹೊಗೆಯಲ್ಲಿ ಕುಳಿತವರ ಕಣ್ಣೀರು ಯಾವುದಕ್ಕೆಂದು ಯಾರೂ ಕೇಳುವುದಿಲ್ಲ. ಅದರಿಂದ ಆವತ್ತು ನನಗೆ ಅನುಕೂಲವಾಯಿತು.

ಲೆಕ್ಕ ಬಂತು. ಪ್ರೊಫೆಸರರು ಅದನ್ನು ನೋಡಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು, ಆಮೇಲೆ ಇಡೀ ಓಣಿಗೆ ಹೊಸ ಒಲೆ ಬೇಕೇ ಬೇಕು ಎಂದು ಬರೆದರು. ಮಳೆಗಾಲಕ್ಕೆ ಮೊದಲು ಇಂಧನ ವಿಭಾಗದವರು ಬಂದು ಓಣಿಯ ಮನೆಗಳಿಗೆ ಚಿಮಣಿಯ ಒಲೆ ಕಟ್ಟಿಸಿದರು. ಹೊಗೆ ಈಗ ಮಾಳಿಗೆಯ ಮೇಲೆ ಹೋಗುತ್ತದೆ. ವಾಣಿಜ್ಯದವರು ರೊಟ್ಟಿಯ ರುಚಿ ಕೆಟ್ಟಿಲ್ಲವೆಂದು ಖಾನಾವಳಿಯವರ ಬಾಯಿಂದಲೇ ಕೇಳಿ ಬರೆದುಕೊಂಡರು. ಎಲ್ಲರ ಕೆಲಸವೂ ಮುಗಿಯಿತು.

ಹೋದ ತಿಂಗಳು ಕಕ್ಕೇರಾಕ್ಕೆ ಹೋಗಿದ್ದೆ. ಅಕ್ಕ ಈಗ ಒಲೆಯ ಮುಂದೆ ಕೂರಲಾರಳು. ಬಾಗಿಲ ಕಟ್ಟೆಯ ಮೇಲೆ ಗೋಡೆಗೆ ದಿಂಬು ಕೊಟ್ಟು ಕುಳಿತಿದ್ದಳು, ನಾಲ್ಕು ಮಾತಿಗೊಮ್ಮೆ ಉಸಿರಿಗೆ ನಿಲ್ಲುತ್ತಿದ್ದಳು. ನಾನು ಪಕ್ಕದಲ್ಲಿ ಕುಳಿತೊಡನೆ ಕೈ ಎತ್ತಿ, ಸುಮ್ಮನಿರು ಎಂದು ಸನ್ನೆ ಮಾಡಿದಳು.

"ಕೇಳು" ಅಂದಳು.

ಒಳಗೆ ಸೊಸೆ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ನಾನು ಕಿವಿಗೊಟ್ಟು ಕೇಳಿದೆ.

"ರೊಟ್ಟಿ ಬಡ್ಯಾಕತ್ತಾಳ. ಮತ್ತೇನೂ ಕೇಳವಲ್ದು ಅಕ್ಕ."

"ಹೌದಲ್ಲ, ಕೆಮ್ಮು ಇಲ್ಲ ನೋಡು" ಅಂದಳು. ಅಷ್ಟು ಹೇಳುವುದರಲ್ಲಿ ಅವಳಿಗೇ ಕೆಮ್ಮು ಬಂತು. ಒಳಗಿರುವ ಸೊಸೆಗೆ ಕೇಳದಿರಲೆಂದು ಸೆರಗನ್ನು ಬಾಯಿಗೆ ಒತ್ತಿಕೊಂಡು, ಇನ್ನೊಂದು ಕೈಯಿಂದ ನನ್ನ ಮೊಣಕಾಲು ಹಿಡಿದುಕೊಂಡಳು.